ನಾಲ್ಕೋ, ಎಂಟೋ?

ಮಗಳಿಗೆ ಲ್ಯಾಪ್‌ಟಾಪ್ ತಂದ ದಿನವೇ ಮನೆಯಲ್ಲಿ ಜಗಳ. ಅಂಗಡಿಯವನು "ಎಂಟು ಕೋರ್ ಸಾರ್" ಅಂದಿದ್ದ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಕೋರ್ 4, ಲಾಜಿಕಲ್ ಪ್ರೊಸೆಸರ್ 8! ಡಿವೈಸ್ ಮ್ಯಾನೇಜರ್‌ನಲ್ಲೋ ಬರೀ ಪ್ರೊಸೆಸರ್ ಅಂತ ಎಂಟು ಸಾಲು. ಮಗ ಲಿನಕ್ಸ್ ಹಾಕಿ ನೋಡಿದ. ಅಲ್ಲಿ ‘ಸಿಪಿಯು 8’.

"ಮೋಸ ಹೋದ್ವಾ ಅಪ್ಪಾ?" ಮಗಳ ಮುಖ ಸಪ್ಪಗಾಯಿತು.

ಇರೋದು ಒಂದೇ ಚಿಪ್, ಒಳಗೆ ನಾಲ್ಕು ಕೋರ್. ಒಂದೊಂದು ಕೋರೂ ಎರಡೆರಡು ಥ್ರೆಡ್ ನಡೆಸುತ್ತೆ. ನಾಲ್ವರು ಅಡುಗೆಯವರು ಎರಡೆರಡು ಒಲೆ ನೋಡಿಕೊಂಡ ಹಾಗೆ. ಒಲೆ ಎಣಿಸಿ ಅಡುಗೆಯವರು ಎಂಟು ಜನ ಅಂದರೆ ಹೇಗೆ? ಚಿಪ್, ಕೋರ್, ಥ್ರೆಡ್ ಅಂತ ಎಲ್ಲ ಕಡೆ ಒಂದೇ ಹೆಸರು ತೋರಿಸಬಾರದೇ!

ಬಿಲ್ ಹಿಡಿದು ಅಂಗಡಿಗೆ ಹೊರಟೆ. ಬಾಗಿಲಲ್ಲಿ ಓದಿ ನೋಡಿದರೆ ‘8 ಸಿಪಿಯು’ ಅಂತಿತ್ತು. ಲಿನಕ್ಸ್ ಲೆಕ್ಕದಲ್ಲಿ ಅವನದೂ ಸರಿಯೇ. ಚಪ್ಪಲಿ ಬಿಟ್ಟು ಒಳಗೆ ಬಂದೆ.