ತಕ್ಕಡಿಗೆ ಹೋದ ಗಣಕಯಂತ್ರ

ಹಳೆಯ ಗಣಕಯಂತ್ರಗಳನ್ನು ಒರೆಸಿ, ಮೇಜಿನ ಮೇಲಿಟ್ಟು, ಮತ್ತೆ ಚಾಲೂ ಮಾಡಿ ತೋರಿಸುವ ಜಾತ್ರೆಗಳು ಪರದೇಶಗಳಲ್ಲಿ ನಡೆಯುತ್ತವೆ. ಕ್ಯಾಲಿಫೋರ್ನಿಯದಲ್ಲಿ ಇಂಥದೊಂದು ಉತ್ಸವ 1997ರಲ್ಲಿ ಮೊದಲಾಯಿತು. ಈ ಸುದ್ದಿ ಹೇಳಿದರೆ ನಮ್ಮ ವಿದ್ಯಾವಂತ ಮಿತ್ರರು ನಗುತ್ತಾರೆ. ಹೊಟ್ಟೆ ತುಂಬಿದವರ ಹುಚ್ಚು ಎನ್ನುತ್ತಾರೆ. 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆಪಲ್-1 ಯಂತ್ರವೊಂದು 9,05,000 ಡಾಲರಿಗೆ ಹೋಯಿತೆಂಬುದನ್ನು ನೆನೆದರೆ ಅವರ ಮಾತು ಪೂರ್ತಿ ಸುಳ್ಳೆನ್ನಲಾರೆ. ಆದರೆ ನನಗೆ ಹೊಟ್ಟೆಕಿಚ್ಚು ಆಗುವುದು ಆಪಲ್ ಕೊಂಡವನನ್ನು ಕಂಡಲ್ಲ. ಅಂಥ ಜಾತ್ರೆಯ ಮೂಲೆಯಲ್ಲಿ ಹಳೆಯ ಫ್ಲಾಪಿ ಡ್ರೈವು, ಕೇಬಲ್ಲು, ಕೀಬೋರ್ಡಿನ ಗುಂಡಿಗಳನ್ನು ಹರಡಿಕೊಂಡು ಕೂರುವ ಮಾರಾಟಗಾರನಿದ್ದಾನಲ್ಲ, ಅವನು ನಮ್ಮ ಬೀದರ ಜಿಲ್ಲೆಯಲ್ಲಿಲ್ಲವಲ್ಲ ಎಂದು!

ಸ್ವಂತ ಕಥೆ ಹೇಳಿಬಿಡುತ್ತೇನೆ. ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಬಸವಕಲ್ಯಾಣದ ಸುತ್ತಲಿನ ಹಳ್ಳಿಗಳಲ್ಲಿ ತಿರುಗಿ, ಮುದುಕರ ಬಾಯಿಂದ ತತ್ವಪದಗಳನ್ನು ಬರೆದುಕೊಂಡಿದ್ದೆ. 1994ರಲ್ಲಿ ಅವನ್ನು ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಅಚ್ಚಿಗೆ ಜೋಡಿಸಿದ್ದಾಯಿತು. ಮುದ್ರಣಕ್ಕೆ ದುಡ್ಡು ಒದಗಲಿಲ್ಲ. ನೋಟುಬುಕ್ಕುಗಳನ್ನು ಗೆದ್ದಲು ತಿಂದಿತು. ಹಾಡಿದವರಲ್ಲಿ ಈಗ ಯಾರೂ ಇಲ್ಲ. ಉಳಿದದ್ದು ಐದೂಕಾಲು ಇಂಚಿನ ನಾಲ್ಕು ಫ್ಲಾಪಿಗಳು.

ಇವನ್ನು ಓದುವ ಯಂತ್ರವನ್ನು ಹುಡುಕಿಕೊಂಡು ಹೋದೆ. ಅಂಗಡಿ ಮುಚ್ಚಿ ಬಹಳ ವರ್ಷವಾಗಿತ್ತು. ಸಾಮಾನೆಲ್ಲ ಹುಮನಾಬಾದಿನ ಗುಜರಿಗೆ ಹೋಗಿತ್ತು. ಅಲ್ಲಿ ಕೇಬಲ್ಲುಗಳನ್ನು ತಾಮ್ರಕ್ಕಾಗಿ ಸುಡುತ್ತಿದ್ದರು. ಹಸಿರು ಹಲಗೆಗಳು ಒಂದು ಚೀಲದಲ್ಲಿ, ಡ್ರೈವುಗಳು ಕಬ್ಬಿಣದ ರಾಶಿಯಲ್ಲಿ. ಕೇಳಿದ್ದಕ್ಕೆ ಮಾಲೀಕ, “ಇದು ನಡೀತದೋ ಇಲ್ಲೋ ನಮಗೇನು ಗೊತ್ತದ ಸರ? ಇದು ತೂಕದ ಮಾಲು” ಎಂದ. ಅವನನ್ನು ನಾನು ದೂರುವುದಿಲ್ಲ. ಅವನಿಗೆ ಅದನ್ನು ಮಾರಿದವರು ಓದುಬರಹ ಬಲ್ಲವರು.

ಯುಎಸ್‌ಬಿ ಡ್ರೈವು ಪೇಟೆಯಲ್ಲಿ ಸಿಗುತ್ತದಲ್ಲ ಎನ್ನುವ ಜಾಣರಿದ್ದಾರೆ. ಸಿಗುತ್ತದೆ, ಮೂರೂವರೆ ಇಂಚಿನದು! ಇನ್ನು ಡ್ರೈವು ಸಿಕ್ಕಿದರೂ ಸಂಕಟ ತೀರದು. ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು, ನಿಜ. ಆದರೆ ನಮ್ಮ ಅಂಗಡಿಗಳಿಗೆ ಅದು ಬರುವ ಹೊತ್ತಿಗೆ ಬಹಳ ಕಾಲ ಸಂದಿತ್ತು. ಅಲ್ಲಿಯವರೆಗೆ ಒಂದೊಂದು ಕಂಪನಿಯ ಅಕ್ಷರಕ್ಕೆ ಒಂದೊಂದು ಸಂಕೇತ. ಆ ಫಾಂಟು ಇಲ್ಲದಿದ್ದರೆ ತೆರೆಯ ಮೇಲೆ ಮೂಡುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟು ಇದ್ದದ್ದು ಆ ಹಳೆಯ ಯಂತ್ರದ ಹೊಟ್ಟೆಯಲ್ಲಿ.

ಫ. ಗು. ಹಳಕಟ್ಟಿಯವರು ವಚನಗಳ ತಾಡೋಲೆಗಳನ್ನು ಮನೆಮನೆ ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಜಂತಿಯ ಮೇಲೆ ಧೂಳು ಕುಡಿಯುತ್ತಿದ್ದ ಓಲೆಯನ್ನು ಕೆಳಗಿಳಿಸಿದರೆ ಕಣ್ಣಿದ್ದವನು ಓದಬಹುದಾಗಿತ್ತು. ಫ್ಲಾಪಿಯನ್ನು ಎಷ್ಟು ದಿಟ್ಟಿಸಿದರೇನು? ಅದರ ಮೇಲಿನ ಆಕ್ಸೈಡಿನ ಲೇಪ ವರ್ಷ ವರ್ಷಕ್ಕೆ ಉದುರುತ್ತದೆ. ಹಳೆಯ ಮದರ್‌ಬೋರ್ಡಿನ ಮೇಲಿನ ಬ್ಯಾಟರಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದರೂ ಇದು ನಿಲ್ಲುವುದಿಲ್ಲ. ಆದ್ದರಿಂದಲೇ ನನಗೆ ವಸ್ತುಸಂಗ್ರಹಾಲಯ ಬೇಡ, ಜಾತ್ರೆ ಬೇಕು. ಬಿಚ್ಚುವವನು, ಬೆಸೆಯುವವನು, ಬಿಡಿಭಾಗ ಮಾರುವವನು ಬೇಕು.

ಗಣಕದ ಕಸದಲ್ಲಿ ಸೀಸವಿದೆ, ವಿಷವಿದೆ, ನಿಯಮದ ಪ್ರಕಾರ ವಿಲೇವಾರಿಯಾಗಬೇಕು ಎಂಬುದನ್ನು ಒಪ್ಪುತ್ತೇನೆ. ಒಡೆಯುವ ಮುನ್ನ ಒಳಗೇನಿದೆಯೆಂದು ನೋಡಬಾರದೆಂದು ಯಾವ ನಿಯಮ ಹೇಳಿದೆ? ಬಸವಕಲ್ಯಾಣದ ಆಟೋನಗರದಲ್ಲಿ ಹಳೆಯ ಲಾರಿಯ ಬಿಡಿಭಾಗಗಳನ್ನು ಹುಡುಕಿ ಜೋಡಿಸಿ ಅದನ್ನು ಮತ್ತೆ ರಸ್ತೆಗಿಳಿಸುವ ಕೈಗಳಿವೆ. ಲಾರಿಗಿರುವ ಮರ್ಯಾದೆ ಕನ್ನಡ ಬರೆದ ಯಂತ್ರಕ್ಕಿಲ್ಲವೆ? ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ಬಳೆ-ಮಿಠಾಯಿ ಅಂಗಡಿಗಳ ನಡುವೆ ಹತ್ತಡಿ ಜಾಗ ಕೊಡಿ. ಚಾಲೂ ಇರುವ ನಾಲ್ಕು ಹಳೆಯ ಯಂತ್ರ ಇಡೋಣ. ಜನ ತಮ್ಮ ಮನೆಯ ಫ್ಲಾಪಿಗಳನ್ನು ತರಲಿ.

ನನ್ನ ಗುಜರಿಯವನಿಗೆ, ಐದೂಕಾಲು ಇಂಚಿನ ಡ್ರೈವು ಬಂದರೆ ಒಡೆಯಬೇಡಪ್ಪಾ, ಫೋನು ಮಾಡು ಎಂದು ಹೇಳಿ ಬಂದಿದ್ದೆ. ಎರಡು ತಿಂಗಳಿಗೆ ಮಾಡಿದ. “ನೀವು ಹುಡುಕ್ಕೊಂಡು ಬರ್ತೀರಂದ ಮ್ಯಾಲ ಇದಕ್ಕ ಬೆಲೆ ಅದ ಸರ” ಎಂದು ಎರಡು ಸಾವಿರ ಕೇಳಿದ. ಕೊಟ್ಟು ತಂದಿದ್ದೇನೆ. ಅದಕ್ಕೆ ಹೊಂದುವ ಕೇಬಲ್ಲು ಇನ್ನೂ ಸಿಕ್ಕಿಲ್ಲ.