ಚರಂಡಿ ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂದು ಕೇಳೋಣ

ಗ್ರಾಮಸಭೆಗೆ ಹೋದಾಗ ನಾವು ಹೆಂಗಸರು ಕೇಳುವುದು ಸಾಮಾನ್ಯವಾಗಿ ಎರಡು ವಿಷಯ. ನಲ್ಲಿಯಲ್ಲಿ ನೀರು ಸರಿಯಾಗಿ ಬರಲಿ, ಮನೆ ಮುಂದೆ ಚರಂಡಿ ಆಗಲಿ. ಎರಡೂ ಬೇಕಾದವೇ. ಆದರೆ ಆ ಚರಂಡಿ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ದನ ಕಟ್ಟಿಕೊಂಡ ನಾವೇ ಇದನ್ನು ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳೆ ನೀರಾಗಿ ಹೊರಗೆ ಹರಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. 200 ಮನೆ, 1000 ಜನ ಇರುವ ಊರಾದರೆ ದಿನಕ್ಕೆ 44,000 ಲೀಟರ್. ಅಂದರೆ 5000 ಲೀಟರಿನ ಟ್ಯಾಂಕರು ಹೆಚ್ಚುಕಡಿಮೆ ಒಂಬತ್ತು. ಕೊಟ್ಟಿಗೆ ತೊಳೆದ ನೀರು ಇದರ ಮೇಲೆ.

ಸಿಮೆಂಟ್ ಚರಂಡಿ ಈ ನೀರನ್ನು ಶುದ್ಧ ಮಾಡುವುದಿಲ್ಲ, ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ದಾಟಿಸುತ್ತದೆ. ತಗ್ಗಿನ ಕೇರಿಯಲ್ಲಿ ಅದು ನಿಂತು ಸೊಳ್ಳೆ ಮಾಡುತ್ತದೆ. ಕೆರೆಗೆ ಸೇರಿದರೆ ನಮ್ಮ ದನಗಳೇ ಅದನ್ನು ಕುಡಿಯುತ್ತವೆ. ಸಗಣಿ, ಗಂಜಲದ ನೀರು ಬೋರ್‌ವೆಲ್ ಪಕ್ಕ ಇಂಗಿದರೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಏರುತ್ತದೆ, ಇದು ಎಳೆಗೂಸುಗಳಿಗೆ ಅಪಾಯ. ಕೊಟ್ಟಿಗೆ ಸದಾ ಒದ್ದೆಯಾಗಿದ್ದರೆ ಕೆಚ್ಚಲು ಬಾವು ತಪ್ಪದು. ಹಾಲು ಕರೆದ ಮೇಲೆ ಅರ್ಧ ಗಂಟೆಯವರೆಗೂ ಮೊಲೆತೊಟ್ಟಿನ ತೂತು ಪೂರ್ತಿ ಮುಚ್ಚಿರುವುದಿಲ್ಲ. ಆ ಹೊತ್ತಿನಲ್ಲಿ ಹಸು ಕೊಚ್ಚೆಯಲ್ಲಿ ಮಲಗಿದರೆ ರೋಗಾಣು ಒಳಗೆ ಹೋಗುತ್ತದೆ. ಔಷಧದ ಖರ್ಚು ಒಂದು ಕಡೆ, ಡೈರಿಗೆ ಹಾಕಲಾಗದ ಹಾಲಿನ ನಷ್ಟ ಇನ್ನೊಂದು ಕಡೆ.

ಮನೆಯ ಮಟ್ಟದಲ್ಲಿ ಮುಖ್ಯವಾದದ್ದು ಎರಡು ನೀರನ್ನು ಬೇರೆ ಮಾಡುವುದು. ಬಚ್ಚಲು, ಪಾತ್ರೆ ತೊಳೆದ ನೀರು ಬಚ್ಚಲು ಗುಂಡಿಗೆ ಹೋಗಲಿ. ಕೊಟ್ಟಿಗೆ ನೀರನ್ನು ಅದಕ್ಕೆ ಬಿಡಬಾರದು, ಸಗಣಿ ಕಟ್ಟಿಕೊಂಡು ಗುಂಡಿ ಇಂಗುವುದೇ ನಿಲ್ಲುತ್ತದೆ. ಮೊದಲು ಸಗಣಿ ಬಾಚಿ ತಿಪ್ಪೆಗೋ ಗೋಬರ್ ಗ್ಯಾಸಿಗೋ ಹಾಕಿ, ಆಮೇಲೆ ತೊಳೆದರೆ ನೀರೂ ಕಡಿಮೆ ಸಾಕು. ಆ ನೀರು ಸಣ್ಣ ಕಾಲುವೆಯಲ್ಲಿ ನೇಪಿಯರ್ ಹುಲ್ಲಿನ ಮಡಿಗೆ ಹರಿದರೆ ಗೊಬ್ಬರವೂ ಆಯಿತು, ಹಸಿ ಮೇವೂ ಆಯಿತು.

ಇದು ಎಲ್ಲರಿಗೂ ಆಗುವ ಮಾತಲ್ಲ ಎಂದು ನೀವು ಹೇಳಬಹುದು. ನಿಜ. ಹಿತ್ತಲೇ ಇಲ್ಲದ ಮನೆಗಳಿವೆ. ಎರೆ ಭೂಮಿಯಲ್ಲಿ ಗುಂಡಿ ತೋಡಿದರೂ ನೀರು ಬೇಗ ಇಂಗುವುದಿಲ್ಲ. ಬಾವಿ, ಬೋರ್‌ವೆಲ್ ಹತ್ತಿರ ಗುಂಡಿ ತೋಡಲೇಬಾರದು. ಅಂಥ ಕಡೆ ಊರಿಗೆಲ್ಲ ಸೇರಿ ಒಂದು ವ್ಯವಸ್ಥೆ ಬೇಕು. ಇದಕ್ಕೆ ಪಟ್ಟಣದಂತೆ ದೊಡ್ಡ ಯಂತ್ರ, ಕರೆಂಟು ಬೇಕಿಲ್ಲ. ಚರಂಡಿಯ ಕೊನೆಯಲ್ಲಿ ಕಸ ತಡೆಯುವ ಜಾಲರಿ, ಮಡ್ಡಿ ತಳಕ್ಕೆ ಕೂರಲು ತೊಟ್ಟಿ, ಆಮೇಲೆ ಜೊಂಡು ಬೆಳೆಸಿದ ಜಲ್ಲಿಕಲ್ಲಿನ ಮಡಿ. ಇಷ್ಟನ್ನು ದಾಟಿದ ನೀರು ಕೊಳೆಯ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಆದರೆ ಶೌಚದ ನೀರನ್ನು ಯಾರೂ ಚರಂಡಿಗೆ ಬಿಡಬಾರದು. ತೊಟ್ಟಿಯ ಮಡ್ಡಿಯನ್ನು ಕಾಲಕಾಲಕ್ಕೆ ತೆಗೆಯಬೇಕು. ತೆಗೆಯುವವರು ಯಾರು, ಅವರಿಗೆ ಕೂಲಿ ಎಲ್ಲಿಂದ ಎಂಬುದನ್ನು ಕಟ್ಟುವ ಮೊದಲೇ ಗೊತ್ತು ಮಾಡಬೇಕು. ಇಲ್ಲದಿದ್ದರೆ ವರ್ಷದೊಳಗೆ ಅದೂ ಒಂದು ಕೊಚ್ಚೆ ಗುಂಡಿಯೇ.

ದುಡ್ಡಿಲ್ಲ ಎಂಬ ಉತ್ತರ ಬಂದರೆ ಒಪ್ಪಿಕೊಂಡು ಎದ್ದು ಬರಬೇಡಿ. ಸ್ವಚ್ಛ ಭಾರತ ಮಿಷನ್ ಎರಡನೇ ಹಂತದ ಮಾರ್ಗಸೂಚಿಯಲ್ಲಿ ಬೂದು ನೀರು ನಿರ್ವಹಣೆಗೆಂದು 5000 ಜನಸಂಖ್ಯೆಯವರೆಗಿನ ಊರಿಗೆ ತಲಾ 280 ರೂಪಾಯಿವರೆಗೆ ನಿಗದಿ ಮಾಡಲಾಗಿದೆ. 1000 ಜನರ ಊರಿಗೆ ಅದು 2.8 ಲಕ್ಷ. ಇದರಲ್ಲಿ ಶೇ. 30ರಷ್ಟು ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನದಿಂದ ಸೇರಬೇಕು. ನಮ್ಮ ಊರಿನ ಹೆಸರಿನಲ್ಲಿ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಪಿಡಿಒ ಅವರನ್ನು ಕೇಳುವುದು ನಮ್ಮ ಹಕ್ಕು.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು. ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆಯೂ ಇದೆ. ಡೈರಿಯಲ್ಲಿ ಬೆಳಿಗ್ಗೆ ಸಂಜೆ ಸೇರುವ ನಾವು ಅಲ್ಲೇ ಮಾತಾಡಿಕೊಂಡು, ಹತ್ತು ಜನ ಒಟ್ಟಿಗೆ ಹೋಗಿ ಒಂದು ಅರ್ಜಿ ಕೊಡೋಣ: ಹೊಸ ಚರಂಡಿಗೆ ಮಂಜೂರಾತಿ ಕೊಡುವ ಮೊದಲು, ಅದರ ನೀರು ಎಲ್ಲಿ ಸೇರುತ್ತದೆ, ಅಲ್ಲಿ ಹೇಗೆ ಶುದ್ಧವಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಸಭೆಯಿಂದ ಏಳೋಣ.