ತಂತಿ ಸಡಿಲಿಸುವುದು ಮೋಸವಲ್ಲ

ಗಿಟಾರ್ ಕಲಿಯುವವರು ಒಂದಲ್ಲ ಒಂದು ದಿನ ಕೇಳಲೇಬೇಕಾದ ಮಾತೊಂದಿದೆ: 'ಓಪನ್ ಟ್ಯೂನಿಂಗಾ? ಅದು ನುಡಿಸಲು ಬಾರದವರ ಅಡ್ಡದಾರಿ.' ನಾನಿದನ್ನು ಕೇಳಿದ್ದು ಬಿ.ಎ. ಓದುವಾಗ, ವಾರಕ್ಕೆರಡು ಸಂಜೆ ಹೋಗುತ್ತಿದ್ದ ಗಿಟಾರ್ ಕ್ಲಾಸಿನಲ್ಲಿ. ರೋಲಿಂಗ್ ಸ್ಟೋನ್ಸ್ ತಂಡದ 'ಸ್ಟಾರ್ಟ್ ಮಿ ಅಪ್' ಹಾಡಿನ ಆರಂಭದ ರಿಫ್ ಹೇಳಿಕೊಡಿ ಎಂದು ಕೇಳಿದ್ದೆ. ರಿಫ್ ಎಂದರೆ ಹಾಡಿನುದ್ದಕ್ಕೂ ಮರಳಿ ಮರಳಿ ಬಂದು ಹಾಡನ್ನು ಹೊತ್ತು ನಡೆಸುವ ಪುಟ್ಟ ಸ್ವರಗುಚ್ಛ. ಮೇಷ್ಟ್ರು ಮಾಮೂಲಿ ಶ್ರುತಿಯಲ್ಲೇ, ನಡುವಿನ ಮೂರು ತಂತಿಗಳ ಮೇಲೆ ನುಡಿಸಿ ತೋರಿಸಿದರು. ಸ್ವರ ಒಂದೂ ತಪ್ಪಿರಲಿಲ್ಲ. ಆದರೆ ಹಾಡು ಅಲ್ಲಿರಲಿಲ್ಲ. 'ಕ್ಯಾಸೆಟ್ಟಿನಲ್ಲಿ ಹೀಗೆ ಕೇಳಿಸಲ್ವಲ್ಲ ಸರ್' ಎಂದೆ. 'ಅವರು ಶ್ರುತಿ ಬದಲಿಸಿ ಮೋಸ ಮಾಡ್ತಾರಪ್ಪ, ನೀನು ಸರಿಯಾಗಿ ಕಲಿ' ಎಂದರು.

ಹತ್ತು ವರ್ಷದ ಹಿಂದಿನ ಆ 'ಮೋಸ' ಎಂಬ ಪದದೊಂದಿಗೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಈಗ ಅದಕ್ಕೆ ಇನ್ನೊಂದು ಜಗಳವೂ ಸೇರಿಕೊಂಡಿದೆ. ಓಪನ್ ಜಿ ಶ್ರುತಿಯನ್ನು ಹೀಗಳೆಯುವವರು ಒಂದು ಕಡೆ. ಅದನ್ನು 'ಕೀತ್ ರಿಚರ್ಡ್ಸ್ ಟ್ಯೂನಿಂಗ್' ಎಂದು ಕರೆದು ಪೂಜಿಸುವವರು ಇನ್ನೊಂದು ಕಡೆ. ಇಬ್ಬರೂ ಮಾಡುತ್ತಿರುವುದು ಒಂದೇ ತಪ್ಪು ಎಂಬುದು ನನ್ನ ವಾದ. ಒಬ್ಬರಿಗೆ ಅದು ಸೋಮಾರಿಯ ಉಪಾಯ, ಇನ್ನೊಬ್ಬರಿಗೆ ಒಬ್ಬ ಪ್ರತಿಭಾವಂತನ ಉಪಾಯ. ಅದೊಂದು ಪರಂಪರೆ ಎಂಬುದು ಇಬ್ಬರಿಗೂ ಬೇಡ.

ಮೊದಲು ಹೀಗಳೆಯುವವರ ವಿಷಯ. ಗಿಟಾರಿನ ಮಾಮೂಲಿ ಶ್ರುತಿ, ದಪ್ಪ ತಂತಿಯಿಂದ ಸಣ್ಣ ತಂತಿಗೆ, ಇ-ಎ-ಡಿ-ಜಿ-ಬಿ-ಇ. ಇದರಲ್ಲಿ ಆರನೆಯ, ಐದನೆಯ ಮತ್ತು ಒಂದನೆಯ ತಂತಿಗಳನ್ನು ಒಂದೊಂದು ಪೂರ್ಣಸ್ವರ ಇಳಿಸಿದರೆ ಡಿ-ಜಿ-ಡಿ-ಜಿ-ಬಿ-ಡಿ ಆಗುತ್ತದೆ. ಇದೇ ಓಪನ್ ಜಿ. ಎಡಗೈ ತಾಗಿಸದೆ ತಂತಿಗಳನ್ನು ಮೀಟಿದರೂ ಜಿ ಮೇಜರ್ ಕಾರ್ಡ್ ಮೊಳಗುತ್ತದೆ. ರಿಚರ್ಡ್ಸ್ ಆರನೆಯ ತಂತಿಯನ್ನೇ ತೆಗೆದುಹಾಕಿ ಐದು ತಂತಿಗಳಲ್ಲಿ ನುಡಿಸುತ್ತಾರೆ. ಜಿ ಸ್ವರವನ್ನು ಷಡ್ಜ ಎಂದುಕೊಂಡರೆ ಆ ಐದು ತಂತಿಗಳು ಸ-ಪ-ಸ-ಗ-ಪ. ತಂಬೂರಿ ಕೇಳುತ್ತ ಬೆಳೆದ ಕಿವಿಗೆ ಇದರಲ್ಲಿ ಅಪರಿಚಿತವಾದದ್ದು ಏನಿದೆ? ಸರಸ್ವತಿ ವೀಣೆಯ ನುಡಿಸುವ ನಾಲ್ಕು ತಂತಿಗಳು ಷಡ್ಜ-ಪಂಚಮಗಳಿಗೇ ಶ್ರುತಿಗೊಂಡಿರುತ್ತವೆ, ಪಕ್ಕದ ಮೂರು ತಾಳದ ತಂತಿಗಳೂ ಅಷ್ಟೇ. ವೈಣಿಕರು ಮೋಸ ಮಾಡುತ್ತಿದ್ದಾರೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮಾಮೂಲಿ ಶ್ರುತಿಯಾದರೂ ಆಕಾಶದಿಂದ ಇಳಿದು ಬಂದದ್ದಲ್ಲ. ಅದರಲ್ಲಿ ಪಕ್ಕಪಕ್ಕದ ತಂತಿಗಳ ನಡುವೆ ನಾಲ್ಕು ಕಡೆ ಷಡ್ಜ-ಮಧ್ಯಮದ ಅಂತರವಿದೆ, ಜಿ ಮತ್ತು ಬಿ ನಡುವೆ ಮಾತ್ರ ಷಡ್ಜ-ಗಾಂಧಾರದ ಅಂತರ. ಈ ಒಂದು ವಕ್ರ ಯಾಕೆ? ಕಾರ್ಡುಗಳು ಬೆರಳಿಗೆ ಸುಲಭವಾಗಿ ಎಟುಕಲಿ ಎಂದು. ಅಂದರೆ ಅದೂ ಕೈಗೆ ಅನುಕೂಲವಾಗಲೆಂದು ಮಾಡಿಕೊಂಡ ಹೊಂದಾಣಿಕೆಯೇ. ನಮ್ಮ ಅನುಕೂಲ ಶಾಸ್ತ್ರ, ನಿಮ್ಮ ಅನುಕೂಲ ಮೋಸ ಎನ್ನುವುದಾದರೆ ಅದು ಸಂಗೀತದ ಮಾತಲ್ಲ, ಗತ್ತಿನ ಮಾತು.

ಅಡ್ಡದಾರಿ ಎನ್ನುವವರು ಒಮ್ಮೆ ನಡೆದು ನೋಡಲಿ. ಓಪನ್ ಜಿ ಶ್ರುತಿಯಲ್ಲಿ ಒಂದೇ ಬೆರಳು ಅಡ್ಡ ಇಟ್ಟರೆ ಪ್ರತಿ ಫ್ರೆಟ್ಟಿನಲ್ಲೂ ಮೇಜರ್ ಕಾರ್ಡ್ ಸಿಗುತ್ತದೆ, ನಿಜ. ಐದರಲ್ಲಿ ಸಿ, ಏಳರಲ್ಲಿ ಡಿ, ಹನ್ನೆರಡರಲ್ಲಿ ಮತ್ತೆ ಜಿ. ಆದರೆ ಮೈನರ್ ಕಾರ್ಡ್ ಬೇಕೆಂದರೆ ಬೆರಳುಗಳು ಒದ್ದಾಡುತ್ತವೆ. ಮೊದಲು ಕಲಿತ ಸ್ಕೇಲುಗಳ ಅರ್ಧ ಜಾಗಗಳು ತಪ್ಪಿಹೋಗುತ್ತವೆ. ಬೇರೆ ಸ್ಥಾಯಿಗೆ ಹೋಗಲು ಕೇಪೋ ಬೇಕು. 'ಟಂಬ್ಲಿಂಗ್ ಡೈಸ್', 'ಹ್ಯಾಪಿ' ಎರಡಕ್ಕೂ ನಾಲ್ಕನೆಯ ಫ್ರೆಟ್ಟಿನಲ್ಲಿ ಕೇಪೋ ಹಾಕಲೇಬೇಕು. ಈ ಶ್ರುತಿ ಕೊಡುವುದು ಒಂದಿಷ್ಟು, ಕಿತ್ತುಕೊಳ್ಳುವುದು ಅದಕ್ಕಿಂತ ಹೆಚ್ಚು. ಆ ಇಕ್ಕಟ್ಟಿನೊಳಗೇ ರಿಫ್ ಹುಟ್ಟುತ್ತದೆ.

ಹೇಗೆಂದು ಹೇಳುತ್ತೇನೆ, ಗಿಟಾರ್ ಇದ್ದವರು ಮಾಡಿ ನೋಡಿ. ಐದನೆಯ ಫ್ರೆಟ್ಟಿನ ಮೇಲೆ ತೋರುಬೆರಳನ್ನು ಅಡ್ಡ ಇಡಿ. ಸಿ ಮೇಜರ್ ಸಿಕ್ಕಿತು. ಈಗ ಸಿ ಸ್ವರವನ್ನು ಷಡ್ಜ ಎಂದುಕೊಳ್ಳಿ. ತೋರುಬೆರಳನ್ನು ಎತ್ತದೆ ನಡುಬೆರಳನ್ನು ಎರಡನೆಯ ತಂತಿಯ ಆರನೆಯ ಫ್ರೆಟ್ಟಿಗೆ, ಉಂಗುರಬೆರಳನ್ನು ನಾಲ್ಕನೆಯ ತಂತಿಯ ಏಳನೆಯ ಫ್ರೆಟ್ಟಿಗೆ ಒತ್ತಿ. ಗಾಂಧಾರ ಮಧ್ಯಮಕ್ಕೆ ಏರಿತು, ಪಂಚಮ ದೈವತಕ್ಕೆ ಏರಿತು, ನಡುವಿನ ಮೂರನೆಯ ತಂತಿಯ ಷಡ್ಜ ಕದಲಲಿಲ್ಲ. ಬೆರಳೆರಡನ್ನು ಎತ್ತಿದರೆ ಮರಳಿ ಮನೆಗೆ. 'ಬ್ರೌನ್ ಶುಗರ್' (1971), 'ಸ್ಟಾರ್ಟ್ ಮಿ ಅಪ್' (1981) ಮುಂತಾದ ರಿಫ್‌ಗಳ ಜೀವ ಈ ಹೋಗಿ ಬರುವ ಆಟದಲ್ಲಿದೆ.

ಇಲ್ಲಿ ನನ್ನ ಮೇಷ್ಟ್ರ ಪರವಾಗಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಎರಡು, ಮೂರು, ನಾಲ್ಕನೆಯ ತಂತಿಗಳು ಎರಡೂ ಶ್ರುತಿಗಳಲ್ಲಿ ಒಂದೇ. ಹಾಗಾಗಿ ಅವರು ನುಡಿಸಿದ ಮೂರು ತಂತಿಯ ಸ್ವರಗಳು ತಪ್ಪಲ್ಲ. ವ್ಯತ್ಯಾಸ ಇರುವುದು ಐದನೆಯ ತಂತಿಯಲ್ಲಿ. ಓಪನ್ ಜಿ ಶ್ರುತಿಯಲ್ಲಿ ಅದರ ಐದನೆಯ ಫ್ರೆಟ್ಟಿನಲ್ಲಿ ಮಂದ್ರ ಷಡ್ಜವಿದೆ. ಮೇಲೆ ಏನೇ ಕುಣಿದರೂ ಕೆಳಗೆ ಅದು ಹಿಡಿದುಕೊಂಡಿರುತ್ತದೆ. ಮಾಮೂಲಿ ಶ್ರುತಿಯಲ್ಲಿ ಅದೇ ಜಾಗದಲ್ಲಿ ರಿಷಭ ಕೂತಿರುತ್ತದೆ. ಅದನ್ನು ಮುಟ್ಟುವ ಹಾಗಿಲ್ಲ, ಬೆರಳಿನಿಂದ ಬಾಯಿ ಮುಚ್ಚಿಸಬೇಕು. ಒಂದು ಕಡೆ ಕೈ ಬೀಸಿ ಎಲ್ಲ ತಂತಿಗಳನ್ನೂ ಹೊಡೆಯಬಹುದು, ಇನ್ನೊಂದು ಕಡೆ ಹೆದರಿ ಹೆದರಿ ಮೂರನ್ನಷ್ಟೇ ಮೀಟಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಟ್ಯಾಬುಗಳು ಯಾವ ತಂತಿ, ಯಾವ ಫ್ರೆಟ್ಟು ಎಂದು ಅಂಕಿಗಳಲ್ಲಿ ಹೇಳುತ್ತವೆ. ಆ ಬಲಗೈಯ ನಿರ್ಭಯವನ್ನು ಅಂಕಿಯಲ್ಲಿ ಬರೆಯಲು ಬರುವುದಿಲ್ಲ.

ಇನ್ನು ಪೂಜಿಸುವವರು. 1969ರ 'ಹಾಂಕಿ ಟಾಂಕ್ ವಿಮೆನ್' ಬಂದ ಮೇಲೆ ಈ ಶ್ರುತಿಗೆ ರಿಚರ್ಡ್ಸ್ ಹೆಸರು ಅಂಟಿಕೊಂಡಿತು. ಅಂಟಿಸಿದವರು ಅಭಿಮಾನಿಗಳು. ಸ್ವತಃ ರಿಚರ್ಡ್ಸ್ 2010ರ ತಮ್ಮ ಆತ್ಮಕಥೆ 'ಲೈಫ್'ನಲ್ಲಿ ರೈ ಕೂಡರ್ ಅವರ ಋಣವನ್ನೂ ಬ್ಯಾಂಜೋದ ಋಣವನ್ನೂ ಒಪ್ಪಿಕೊಂಡಿದ್ದಾರೆ. ಐದು ತಂತಿಯ ಬ್ಯಾಂಜೋದ ಪ್ರಚಲಿತ ಶ್ರುತಿ ಜಿ-ಡಿ-ಜಿ-ಬಿ-ಡಿ. ಆ ವಾದ್ಯವೋ, ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು ಅಮೆರಿಕದ ನೆಲದಲ್ಲಿ ತಮ್ಮ ನೆನಪಿನಿಂದ ಕಟ್ಟಿಕೊಂಡದ್ದು; ಮೊದಲ ಬ್ಯಾಂಜೋಗಳ ಬುರುಡೆ ಸೋರೆಯದು. ಮಿಸಿಸಿಪ್ಪಿಯ ಬ್ಲೂಸ್ ಗಾಯಕರು ಇದೇ ಅಂತರಗಳ ಗಿಟಾರ್ ಶ್ರುತಿಯನ್ನು 'ಸ್ಪ್ಯಾನಿಷ್' ಎಂದು ಕರೆಯುತ್ತಿದ್ದರು. ಚಾರ್ಲಿ ಪ್ಯಾಟನ್, ಸನ್ ಹೌಸ್, ರಾಬರ್ಟ್ ಜಾನ್ಸನ್ ಎಲ್ಲರೂ ಅದರಲ್ಲಿ ನುಡಿಸಿದವರು. 1941ರಲ್ಲಿ ಅಲನ್ ಲೋಮ್ಯಾಕ್ಸ್ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಸ್ಟೋವಾಲ್ ಪ್ಲಾಂಟೇಶನ್ನಿಗೆ ಹೋದಾಗ, ಅಲ್ಲಿ ದುಡಿಯುತ್ತಿದ್ದ ಮಡ್ಡಿ ವಾಟರ್ಸ್ ನುಡಿಸಿದ್ದೂ ಇದರಲ್ಲೇ. ಅದೇ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ ಹಾಡೊಂದರ ಹೆಸರನ್ನು ಮುಂದೆ ಲಂಡನ್ನಿನ ಹುಡುಗರು ತಮ್ಮ ತಂಡಕ್ಕೆ ಇಟ್ಟುಕೊಂಡರು.

ಕತೆ ಇಲ್ಲಿಗೂ ನಿಲ್ಲುವುದಿಲ್ಲ. ಹವಾಯಿ ದ್ವೀಪದ 'ಸ್ಲ್ಯಾಕ್ ಕೀ' ಗಿಟಾರಿನಲ್ಲೂ ಡಿ-ಜಿ-ಡಿ-ಜಿ-ಬಿ-ಡಿ ಇದೆ. ಅಲ್ಲಿ ಅದರ ಹೆಸರು 'ಟ್ಯಾರೋ ಪ್ಯಾಚ್', ಅಂದರೆ ಕೆಸುವಿನ ಗದ್ದೆ. ಪತ್ರೊಡೆ ತಿಂದು ಬೆಳೆದ ನನಗೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆಯುವುದಿಲ್ಲ. ರಷ್ಯಾದ ಏಳು ತಂತಿಯ ಗಿಟಾರಿನ ಶ್ರುತಿಯೂ ಡಿ-ಜಿ-ಬಿ-ಡಿ-ಜಿ-ಬಿ-ಡಿ.

ಇಷ್ಟು ಕೇಳಿದ ಮೇಲೆ ಜಾಣರು ಒಂದು ತೀರ್ಮಾನಕ್ಕೆ ಬರುತ್ತಾರೆ: 'ಹಾಗಾದರೆ ಇದು ಯಾರದೂ ಅಲ್ಲ, ಎಲ್ಲರದು.' ಕೇಳಲು ಉದಾರವಾಗಿದೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ಮಾತಿಗೇ. ಯಾರದೂ ಅಲ್ಲ ಎನ್ನುವುದು ಯಾವಾಗಲೂ ತೆಗೆದುಕೊಳ್ಳುವವರಿಗೆ ಅನುಕೂಲವಾದ ಮಾತು. ಶ್ರುತಿಯ ಮಾತು ಬಿಡಿ, ಇಡೀ ಹಾಡಿನದೇ ನೋಡಿ. ರಾಬರ್ಟ್ ಜಾನ್ಸನ್ 1937ರಲ್ಲಿ ಡಲ್ಲಾಸಿನಲ್ಲಿ 'ಲವ್ ಇನ್ ವೇಯ್ನ್' ಮುದ್ರಿಸಿದರು. ಮರುವರ್ಷ ತೀರಿಕೊಂಡರು, ಆಗ ಅವರಿಗೆ 27 ವರ್ಷ, ಈಗ ನನಗಿರುವುದಕ್ಕಿಂತ ಕಡಿಮೆ. 1969ರಲ್ಲಿ ರೋಲಿಂಗ್ ಸ್ಟೋನ್ಸ್ 'ಲೆಟ್ ಇಟ್ ಬ್ಲೀಡ್' ಆಲ್ಬಮ್ಮಿನಲ್ಲಿ ಅದನ್ನು ಹಾಡಿದಾಗ ರಚನೆಕಾರನ ಜಾಗದಲ್ಲಿ ಅಚ್ಚಾದದ್ದು 'ವುಡಿ ಪೇಯ್ನ್' ಎಂಬ ಹೆಸರು. ಜಾನ್ಸನ್ ಹಾಡುಗಳ ಮೇಲಿನ ಹಕ್ಕು ಸಾರ್ವಜನಿಕ ಸ್ವತ್ತಾಗಿಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2000ದಲ್ಲಿ. ಹಾಡಿದವನು ಸತ್ತು ಅರವತ್ತು ವರ್ಷ ದಾಟಿದ ಮೇಲೆ.

ನಾನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿಲ್ಲ. ಎಂ.ಎ. ಮೊದಲ ವರ್ಷದಲ್ಲಿ ಕಾಲೇಜು ಫೆಸ್ಟೊಂದರ ವೇದಿಕೆ ಮೇಲೆ 'ಬ್ರೌನ್ ಶುಗರ್' ನುಡಿಸಿದ್ದೇನೆ. ಅಷ್ಟು ಹೊತ್ತಿಗೆ ಓಪನ್ ಜಿ ಕಲಿತಿದ್ದೆ, ಐದನೆಯ ತಂತಿಯನ್ನು ಎದೆಯುಬ್ಬಿಸಿ ಹೊಡೆದಿದ್ದೆ. ಚಪ್ಪಾಳೆ ಬಿತ್ತು. ಆ ಹಾಡಿನ ಸಾಹಿತ್ಯ ಗುಲಾಮರ ಹಡಗಿನದು, ಮಾರಾಟವಾದ ಹೆಂಗಸರ ಮೇಲಿನ ಹಿಂಸೆಯದು ಎಂದು ನನಗೆ ಗೊತ್ತಾದದ್ದು ಅದಾದ ಬಹಳ ದಿನಗಳ ಮೇಲೆ. 2021ರ ಅಮೆರಿಕ ಪ್ರವಾಸದಲ್ಲಿ ತಂಡವೇ ಆ ಹಾಡನ್ನು ಕೈಬಿಟ್ಟಿತು. ಗುಲಾಮರ ಮೊಮ್ಮಕ್ಕಳು ದಾಟಿಸಿದ ಶ್ರುತಿಯಲ್ಲಿ ಗುಲಾಮಗಿರಿಯ ಕುರಿತ ಕುಣಿತದ ಹಾಡು, ಅದನ್ನು ಒಂದು ಪದವೂ ತಿಳಿಯದೆ ನುಡಿಸಿ ಚಪ್ಪಾಳೆ ಗಿಟ್ಟಿಸಿದ ನಾನು. ಬೆರಳು ಮಾತ್ರ ಕಲಿತರೆ ಆಗುವುದು ಹೀಗೆ.

ಇದಕ್ಕಿಂತ ಹತ್ತಿರದ ತಪ್ಪೊಂದಿದೆ. ನನ್ನ ಸಂಶೋಧನೆ ಜನಪದ ಹಾಡುಗಳದು. ಮೂರು ವರ್ಷ ಊರೂರು ತಿರುಗಿ ಹಾಡು ಮುದ್ರಿಸಿಕೊಂಡಿದ್ದೇನೆ. ಪ್ರಬಂಧದ ಮೊದಲ ಕರಡಿನಲ್ಲಿ ಹಾಡುಗಳು ಅಧ್ಯಾಯದೊಳಗೆ ನನ್ನ ವಿಶ್ಲೇಷಣೆಯ ಜೊತೆ ಮೆರೆಯುತ್ತಿದ್ದವು. ಹಾಡಿದ ಅಜ್ಜಿಯರ ಹೆಸರು ಕೊನೆಯ ಅನುಬಂಧದಲ್ಲಿ 'ವಕ್ತೃಗಳು' ಎಂಬ ಪಟ್ಟಿಯಲ್ಲಿ ಇದ್ದವು, ವಯಸ್ಸು ಮತ್ತು ಊರಿನ ಜೊತೆ, ರೇಷನ್ ಕಾರ್ಡಿನ ಹಾಗೆ. ಬೇರೆ ಸಂಶೋಧಕರ ಒಂದು ವಾಕ್ಯ ಎತ್ತಿಕೊಂಡರೆ ಅದೇ ಪುಟದಲ್ಲಿ ಅಡಿಟಿಪ್ಪಣಿ ಹಾಕುತ್ತೇನೆ. ಹಾಕದಿದ್ದರೆ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ನನ್ನನ್ನು ಹಿಡಿದುಕೊಡುತ್ತದೆ. ಇಡೀ ಹಾಡು ಕೊಟ್ಟವರಿಗೆ ಮಾತ್ರ ಅನುಬಂಧ ಸಾಕು ಎಂದು ನನಗೆ ಅನ್ನಿಸಿದ್ದು ಹೇಗೆ? 'ಜನಪದ ಯಾರದೂ ಅಲ್ಲ, ಎಲ್ಲರದು' ಎಂದು ಮುನ್ನುಡಿಯಲ್ಲಿ ನಾನೇ ಬರೆದಿದ್ದೆ.

ಆದ್ದರಿಂದ ಗಿಟಾರ್ ಹಿಡಿದಿರುವ ಗೆಳೆಯರಲ್ಲಿ ನನ್ನ ಒತ್ತಾಯ ಸರಳವಾದದ್ದು. ರಿಫ್ ಕಲಿಯಿರಿ, ಆದರೆ ಅದು ಹುಟ್ಟಿದ ಶ್ರುತಿಯಲ್ಲೇ ಕಲಿಯಿರಿ. ಬಿರಡೆ ತಿರುಗಿಸಲು ಅಂಜಬೇಡಿ, ಇಳಿಸಿದರೆ ತಂತಿ ಹರಿಯುವುದಿಲ್ಲ. ಕಲಿಯುವ ಮೊದಲು ಒಂದು ವಾರ ಟ್ಯಾಬು ಮುಟ್ಟದೆ ಮಡ್ಡಿ ವಾಟರ್ಸ್ ಅವರ 1941ರ ಮುದ್ರಣಗಳನ್ನು, ಜಾನ್ಸನ್ ಹಾಡುಗಳನ್ನು ಕೇಳಿ. ವೇದಿಕೆಯಲ್ಲಿ ನುಡಿಸುವಾಗ ಎರಡು ವಾಕ್ಯ ಹೇಳಿ: ಈ ಶ್ರುತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು. ಅದರಿಂದ ಸತ್ತವರಿಗೆ ರಾಯಲ್ಟಿ ಸಿಗುವುದಿಲ್ಲ, ಒಪ್ಪಿದೆ. ಕೇಳುವವನು ನಿಮ್ಮನ್ನೋ ರಿಚರ್ಡ್ಸ್‌ರನ್ನೋ ಮೂಲ ಎಂದುಕೊಳ್ಳುವುದು ತಪ್ಪುತ್ತದೆ. ಕಲಿಸುವ ಮೇಷ್ಟ್ರುಗಳಲ್ಲಿ ಇನ್ನೊಂದು ಕೋರಿಕೆ: ನಿಮಗೆ ಆ ಶ್ರುತಿ ಬಾರದಿದ್ದರೆ ಬಾರದು ಎನ್ನಿ, ಮೋಸ ಎನ್ನಬೇಡಿ.

ನನ್ನ ಕರಡನ್ನು ತಿದ್ದಿದ್ದೇನೆ. ಪ್ರತಿ ಹಾಡಿನ ಮೇಲೆ, ಶೀರ್ಷಿಕೆಯ ಜಾಗದಲ್ಲೇ, ಹಾಡಿದವರ ಹೆಸರಿದೆ. 'ಇದು ಪದ್ಧತಿಯಲ್ಲ, ಪುಟ ಹೆಚ್ಚಾಗುತ್ತದೆ' ಎಂದು ಮಾರ್ಗದರ್ಶಕರು ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದಾರೆ. ಸೋಮವಾರ ಅವರ ಕೋಣೆಗೆ ಹೋಗಿ ವಾದಿಸಬೇಕು. ರಾತ್ರಿ ಹಾಸ್ಟೆಲಿನಲ್ಲಿ ಆರನೆಯ ತಂತಿ ಕಳಚಿಟ್ಟ ಗಿಟಾರ್ ತೆಗೆದುಕೊಂಡು ಕೂರುತ್ತೇನೆ. ಉಂಗುರಬೆರಳು ಏಳನೆಯ ಫ್ರೆಟ್ಟಿಗೆ ಈಗಲೂ ಒಂದು ಕ್ಷಣ ತಡವಾಗಿ ಹೋಗುತ್ತದೆ. ಪಕ್ಕದ ರೂಮಿನವನು ಗೋಡೆ ಬಡಿಯುವವರೆಗೂ ಅದನ್ನೇ ನುಡಿಸುತ್ತೇನೆ.